ಕಂಪನಿಯ ಪಾಯ, ನಮ್ಮ ಮನೆ

ನಮ್ಮ ಯಜಮಾನರ ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಆಡಿದರು. "ಸ್ವಂತ ಮನಿ ಕಟ್ಟಿ, ಆ ಮನಿಯಿಂದನ ಹ್ವಾದ್ರು. ಪುಣ್ಯವಂತರು ಬಿಡ್ರಿ." ಅಳುತ್ತ ಕೂತಿದ್ದ ನನಗೆ ಆ ಹೊತ್ತಿನಲ್ಲೂ ಸಿಟ್ಟು ಬಂತು. ಪುಣ್ಯವಂತರಂತೆ! ವಡಗಾವಿ ದಾಟಿ ಯಳ್ಳೂರ ರಸ್ತೆಯ ಕಡೆ ಈ ಮೂರು ಖೋಲಿಯ ಮನೆ ಎಬ್ಬಿಸಲು ನಮಗೆ ಎಷ್ಟು ಕಾಲ ಹಿಡಿಯಿತು, ಯಾಕೆ ಹಿಡಿಯಿತು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ನಾನು ಏನು ಹೇಳುತ್ತಿದ್ದೆನೋ. ಅರಬರ ನಾಡಿನಲ್ಲಿ ಯುದ್ಧವಾಯಿತು, ಅದಕ್ಕೆ ನಮ್ಮ ಮನೆಯ ಕೆಲಸ ನಿಂತಿತು ಎಂದರೆ ಯಾರು ನಂಬುತ್ತಾರೆ? ಇರಾನಿನ ದೊರೆ ದೇಶ ಬಿಟ್ಟು ಓಡಿಹೋದ, ಅದಕ್ಕೆ ನನ್ನ ಅಡುಗೆಮನೆಗೆ ಗೋಡೆ ಬರಲಿಲ್ಲ ಎಂದರೆ, ಪಾಪ, ದುಃಖದಲ್ಲಿ ಬುದ್ಧಿ ಕೆಟ್ಟಿದೆ ಎಂದುಕೊಂಡು ಇನ್ನೊಂದು ಲೋಟ ನೀರು ಕುಡಿಸುತ್ತಿದ್ದರು.

ಆದರೆ ಆದದ್ದು ಅದೇ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಮಾತ್ರ ಓದಿದವಳು. ವ್ಯಾಪಾರ, ಬಂಡವಾಳ ಇವೆಲ್ಲ ನನಗೆ ತಿಳಿಯುವ ವಿಷಯವಲ್ಲ. ಆದರೂ ಪರದೇಶದ ಕಂಪನಿ ಯಾವಾಗ ದುಡ್ಡು ಹಾಕುತ್ತದೆ, ಯಾವಾಗ ಕೈ ಹಿಂದೆಗೆಯುತ್ತದೆ ಎಂಬುದನ್ನು ನನ್ನಷ್ಟು ವರ್ಷ ಕಾದು ನೋಡಿದ ಹೆಂಗಸು ಬೆಳಗಾವಿಯಲ್ಲಿ ಇನ್ನೊಬ್ಬಳು ಇರಲಾರಳು. ಇವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಮಧ್ಯಾಹ್ನ ಮನೆ ಸುಮ್ಮನಾದಾಗ ಕೂತು ಬರೆಯುತ್ತಿದ್ದೇನೆ.

ಇವರು ಕೆಲಸಕ್ಕಿದ್ದ ಕಾರ್ಖಾನೆ ಬೆಳಗಾವಿಯಲ್ಲೇ ಇತ್ತು. ಮಾಲಕರು ಮಾತ್ರ ಪರದೇಶದವರು. ಲೋಹ ಕರಗಿಸುವ ಕುಲುಮೆಗಳ ಒಳಗೋಡೆಗೆ ಹಾಕುತ್ತಾರಲ್ಲ, ಎಷ್ಟು ಕಾದರೂ ಬಿರುಕು ಬಿಡದ ಇಟ್ಟಿಗೆ, ಅದನ್ನು ಅಲ್ಲಿ ಮಾಡುತ್ತಿದ್ದರು. ಮಣ್ಣು ಖಾನಾಪುರದಿಂದ ಲಾರಿಯಲ್ಲಿ ಬರುತ್ತಿತ್ತು. ಇಟ್ಟಿಗೆ ಸುಡುವ ಭಟ್ಟಿಯ ಮಿಸ್ತ್ರಿ ಇವರು. ಕಲ್ಲಿದ್ದಲಿನ ಭಟ್ಟಿ ಅದು. ಸಂಜೆ ಮನೆಗೆ ಬಂದರೆ ಕಿವಿಯ ಹಿಂದೆಲ್ಲ ಕಪ್ಪು. ಎಷ್ಟು ತಿಕ್ಕಿದರೂ ದಿಂಬಿನ ಮೇಲೆ ಕಲೆ ಬೀಳುವುದು ತಪ್ಪಲಿಲ್ಲ.

ಮಣ್ಣಿರುವಲ್ಲಿಯೇ ಇನ್ನೊಂದು ಕಾರ್ಖಾನೆ ಎಬ್ಬಿಸಿದರೆ ಲಾರಿಯ ಖರ್ಚು ಉಳಿಯುತ್ತದೆ ಎಂದು ಮಾಲಕರು ಲೆಕ್ಕ ಹಾಕಿದರು. ಖಾನಾಪುರದ ಹತ್ತಿರ ಜಾಗ ಹಿಡಿದರು. ಅಲ್ಲಿ ಬರುವುದು ಎಣ್ಣೆಯಿಂದ ಉರಿಯುವ ದೊಡ್ಡ ಭಟ್ಟಿ. ಚಾವಿ ತಿರುಗಿಸಿದರೆ ಬೆಂಕಿ, ಹೊಗೆ ಇಲ್ಲ, ಕಪ್ಪು ಇಲ್ಲ. ಅದಕ್ಕೆ ಇವರೇ ಮುಖ್ಯ ಮಿಸ್ತ್ರಿ ಎಂದು ಕಾರ್ಖಾನೆಯ ಮ್ಯಾನೇಜರರು ಬಾಯಿಬಿಟ್ಟು ಹೇಳಿದ್ದರು. ಮ್ಯಾನೇಜರರು ಕೋಟೆಯ ಬಸದಿಗೆ ತಪ್ಪದೆ ಹೋಗುವ ಜೈನರು, ನಮ್ಮ ಊರಿನವರೇ, ಸುಳ್ಳು ಹೇಳುವ ಮನುಷ್ಯರಲ್ಲ. ಅವರ ಬಾಯಿಂದ ಬಂದದ್ದು ಯಾವತ್ತೂ ಸುಳ್ಳಾಗಿರಲಿಲ್ಲ. ಬರೀ ಮುಂದಕ್ಕೆ ಹೋಗುತ್ತಿತ್ತು ಅಷ್ಟೇ.

ಎಪ್ಪತ್ತಮೂರರ ದಸರೆಗೆ ಅಲ್ಲಿ ಪಾಯದ ಪೂಜೆ ಇಟ್ಟರು. ನನ್ನ ಮದುವೆಯಾಗಿ ಸ್ವಲ್ಪ ದಿನವಾಗಿತ್ತು. ಕಾರ್ಖಾನೆಯ ಮಂದಿಯೆಲ್ಲ ಲಾರಿಯಲ್ಲಿ ಹೊರಟೆವು. ಮುಂಬಯಿಯಿಂದ ದೊಡ್ಡ ಸಾಹೇಬ ಬಂದಿದ್ದ. ಕೆಂಪು ಮುಖದ ಎತ್ತರದ ಮನುಷ್ಯ, ಎಲ್ಲರಿಗೂ ತಾನೇ ಮೊದಲು ಕೈ ಮುಗಿಯುತ್ತಿದ್ದ. ಎಲ್ಲ ಸಿದ್ಧವಾದ ಮೇಲೆ ಪೂಜೆಗೆ ಬಂದಿದ್ದ ಅಯ್ಯನವರು ಕೇಳಿದರು.

"ಪೂಜಿಗೆ ಕುಂದ್ರಾವ್ರು ಯಾರ್‍ರಿ?"

ಮ್ಯಾನೇಜರರು ಸಾಹೇಬನನ್ನು ತೋರಿಸಿದರು.

"ಇವ್ರ ಮನಿಯವ್ರು?"

"ಅವ್ರ ಅವ್ರ ದೇಶದಾಗ ಅದಾರ್‍ರಿ."

"ಹಂಗಾದ್ರ ಆಗೂದಿಲ್ಲ. ಪಾಯಾಕ್ಕ ಗಂಡಸ ಒಬ್ಬನ ಕುಂದರಬಾರ್ದು. ನೀವ ಕುಂದರ್ರಿ, ನಿಮ್ಮ ಮನಿಯಾಗಿನವ್ರನ್ನ ಕರೀರಿ."

ಮ್ಯಾನೇಜರರ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದರು. ಮ್ಯಾನೇಜರರು ಸುತ್ತಲೂ ಕಣ್ಣಾಡಿಸಿದರು. ಇವರು ಹೊಸ ಧೋತರ ಉಟ್ಟಿದ್ದರು. ನಾನು ಮದುವೆಯ ಸೀರೆಯಲ್ಲಿದ್ದೆ. ನೋಡಿದವರಿಗೆ ನಾವೇ ಅದಕ್ಕೆಂದು ತಯಾರಾಗಿ ಬಂದಂತೆ ಕಂಡಿರಬೇಕು.

"ಭಟ್ಟಿ ಉರಸಾಂವ ಇಂವನ ಅಲ್ಲೇನ್ರಿ? ಇವ್ರ ಕುಂದರ್ಲಿ" ಎಂದರು. ಇವರು ಒಂದು ಸಲವೂ ಬೇಡ ಎನ್ನಲಿಲ್ಲ. ಕಂಪನಿಯವರು ಕರೆದು ಕೂಡಿಸಿದ ಹೆಮ್ಮೆ. ನಾನು ಸೆರಗು ಹೊದ್ದು ಬಾಜುವಿಗೆ ಕೂತೆ. ಅಯ್ಯನವರು ನಮ್ಮಿಬ್ಬರ ಕೈ ಕೂಡಿಸಿ ಸಂಕಲ್ಪದ ನೀರು ಬಿಡಿಸಿ, "ಈ ಮಣ್ಣಿನ ಮ್ಯಾಲೆ ಭಟ್ಟಿ ಹೊತ್ತಿ ಉರಿಯೂ ತನಕಾ ಈ ಕೆಲಸದ ಭಾರ ನಿಮ್ಮ ಕೈಯಾಗ ಐತಿ. ನೆಪ್ಪಿಟ್ಕೋರಿ" ಎಂದರು. ನಾವು ಹೂಂ ಎಂದೆವು. ಪೂಜೆ ಮುಗಿದ ಮೇಲೆ ಎಲ್ಲರೂ ಬನ್ನಿ ಹಂಚಿದೆವು. ಬಂಗಾರ ಎಂದು ಹೇಳಿ ಸಾಹೇಬನ ಕೈಗೂ ಕೊಟ್ಟರು. ಆತ ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.

ಅದೇ ದಿನಗಳಲ್ಲಿ ಅರಬರಿಗೂ ಇಸ್ರೇಲಿನವರಿಗೂ ಯುದ್ಧ ಹತ್ತಿತ್ತು. ಖಾನಾಪುರದ ಆ ಬಯಲಿನಲ್ಲಿ ಗೋಧಿ ಹುಗ್ಗಿ ಉಣ್ಣುತ್ತಿದ್ದ ನಮಗೆ ಅದು ಗೊತ್ತೇ ಇರಲಿಲ್ಲ. ಗೊತ್ತಿದ್ದರೂ ನಮಗೂ ಅದಕ್ಕೂ ಏನು ಸಂಬಂಧ ಎನ್ನುತ್ತಿದ್ದೆವು.

ದೀಪಾವಳಿ ಮುಗಿದ ಮೇಲೆ ಸಂಬಂಧ ತಿಳಿಯಿತು. ಯುದ್ಧದ ಸಿಟ್ಟಿಗೆ ಅರಬರು ಎಣ್ಣೆ ಬಿಗಿಹಿಡಿದರು, ಬೆಲೆ ಹಲವು ಪಟ್ಟು ಏರಿತು. ಎಣ್ಣೆಯ ಭಟ್ಟಿ ಎಂದು ನಕ್ಷೆ ತೆಗೆದವರಿಗೆ ದಿಕ್ಕು ತಪ್ಪಿತು. ಸದ್ಯ ಕೆಲಸ ನಿಲ್ಲಿಸಿ ಎಂದು ಪರದೇಶದ ಮುಖ್ಯ ಕಚೇರಿಯಿಂದ ಹೇಳಿಕೆ ಬಂತು. ಖಾನಾಪುರದಲ್ಲಿ ತೋಡಿದ ಪಾಯ ಹಾಗೆಯೇ ಉಳಿಯಿತು. "ಗಾಬರಿ ಆಗಬ್ಯಾಡ್ರಿ. ಮುಂದಿನ ವರ್ಷ ನಕ್ಕಿ" ಎಂದರು ಮ್ಯಾನೇಜರರು. ಖಂಡಿತ ಎನ್ನಲು ನಮ್ಮ ಕಡೆ ನಕ್ಕಿ ಎನ್ನುತ್ತಾರೆ. ಆ ಶಬ್ದವನ್ನು ಈಗಲೂ ಯಾರಾದರೂ ಅಂದರೆ ನನಗೆ ಹಲ್ಲು ಜುಮ್ಮೆನ್ನುತ್ತದೆ.

ಇಷ್ಟೇ ಆಗಿದ್ದರೆ ಅದು ಕಂಪನಿಯ ತಲೆನೋವು. ಆದರೆ ನಾವು ಆ ವರ್ಷವೇ ಯಳ್ಳೂರ ರಸ್ತೆಯಲ್ಲಿ ಒಂದು ಸಣ್ಣ ಜಾಗ ಕೊಂಡಿದ್ದೆವು. ವಡಗಾವಿಯಲ್ಲಿ ಒಬ್ಬ ನೇಕಾರರ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆವು. ಒಂದೇ ಖೋಲಿ. ಗೋಡೆಯ ಆಚೆ ಮಗ್ಗ. ನಸುಕಿನಿಂದ ಟಕಟಕ ಶುರುವಾದರೆ ಒಳಗಿನ ಡಬ್ಬಿಗಳೆಲ್ಲ ನಡುಗುತ್ತಿದ್ದವು. ಅತ್ತೆ, ಇವರು, ನಾನು. ಮುಂದೆ ಮಗಳೂ ಹುಟ್ಟಿದಳು. ದೀಪಾವಳಿ ಆದ ಮೇಲೆ ನಮ್ಮ ಮನೆಯ ಪಾಯ ತೆಗೆಸುವುದೆಂದು ಮಾತಾಗಿತ್ತು. ಮನೆ ಕಟ್ಟುವ ಗೌಂಡಿಗೆ ವೀಳ್ಯ ಕೊಟ್ಟೂ ಆಗಿತ್ತು.

ಅತ್ತೆ ಅಡ್ಡ ಕೂತರು.

"ಒಂದ ಪಾಯಾ ಬಾಯಿ ತಕ್ಕೊಂಡ ಕುಂತೈತಿ. ಅದು ಮುಗಿಯೂತನಕಾ ಇನ್ನೊಂದ ತಗಿಯೂದು ಬ್ಯಾಡ."

"ಯವ್ವಾ, ಅದು ಕಂಪನೀದು. ನಮ್ಮದಲ್ಲ" ಎಂದರು ಇವರು.

"ನೀರ ಬಿಟ್ಟ ಕೈ ಯಾರ್ದು? ಕಂಪನೀದೋ, ನಿಂದೋ?"

ನಾನು ಗೋಡೆಯ ಮೇಲಿದ್ದ ಬಸವಣ್ಣನ ಪಟ ತೋರಿಸಿದೆ. "ಅತ್ತಿ, ಇಂಥಾವೆಲ್ಲಾ ನಂಬಬ್ಯಾಡ್ರಿ ಅಂತನ ಅಲ್ಲೇನ್ರಿ ಅವ್ರು ಹೇಳಿದ್ದು?"

"ಅವ್ರು ಹೇಳ್ಯಾರ, ಖರೇ ಐತಿ. ಅವ್ರೇನ ನನ್ನ ಗಂಡನ್ನ ತಿರುಗಿ ತಂದ ಕೊಡ್ತಾರ?"

ನನ್ನ ಮಾವನವರನ್ನು ನಾನು ಕಂಡವಳಲ್ಲ. ಊರಲ್ಲಿ ಬಾವಿ ತೋಡಿಸಲು ಹಿಡಿದಿದ್ದರಂತೆ. ನೀರು ಬೀಳುವ ಮೊದಲೇ ಮನೆಗೂ ಕೈ ಹಚ್ಚಿದರು. ಎರಡೂ ಅರ್ಧಕ್ಕೇ ಇರುವಾಗ ತೀರಿಕೊಂಡರು. ಅರ್ಧ ಗೋಡೆ, ಒಣ ಬಾವಿಯ ನಡುವೆ ಅತ್ತೆ ಮಗನನ್ನು ಬೆಳೆಸಿದವರು. ಒಂದು ಸಂಕಲ್ಪ ಕೈಯಲ್ಲಿರುವಾಗ ಇನ್ನೊಂದನ್ನು ಹಿಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬುದು ಅವರ ಎದೆಯಲ್ಲಿ ಮೊಳೆಯ ಹಾಗೆ ಕೂತಿತ್ತು. ಅದನ್ನು ಕೀಳಲು ನನಗೂ ಆಗಲಿಲ್ಲ, ಇವರಿಗೂ ಆಗಲಿಲ್ಲ. ಇವರಂತೂ ಪ್ರಯತ್ನವನ್ನೇ ಮಾಡಲಿಲ್ಲ. "ಇರ್ಲಿ ಬಿಡ. ಮುಂದಿನ ವರ್ಷ ಅಲ್ಲಿದೂ ಆಗ್ತೈತಿ, ನಮ್ದೂ ಆಗ್ತೈತಿ" ಎಂದರು.

ಹೀಗೆ ನಮ್ಮ ಮೂರು ಖೋಲಿಯ ಮನೆ ಒಂದು ಪರದೇಶದ ಕಂಪನಿಯ ಹಿಂದೆ ಪಾಳಿಗೆ ನಿಂತಿತು.

ಆ ವರ್ಷ ಹೋಯಿತು. ಪರದೇಶದವರು ಇಲ್ಲಿನ ಕಂಪನಿಗಳಲ್ಲಿ ತಮ್ಮ ಪಾಲು ಕಡಿಮೆ ಮಾಡಿಕೊಳ್ಳಬೇಕು ಎಂದು ದಿಲ್ಲಿಯಲ್ಲಿ ಕಾಯ್ದೆ ಬಂದಿತ್ತು. ಪಾಲು ಕೊಡುವುದೋ, ಬಾಗಿಲು ಹಾಕುವುದೋ ಎಂದು ಅವರು ತಮ್ಮ ಊರಲ್ಲಿ ಕೂತು ಯೋಚಿಸುತ್ತಿದ್ದರು. ಅಲ್ಲಿಯವರೆಗೆ ಇಲ್ಲಿ ಒಂದು ಇಟ್ಟಿಗೆಯನ್ನೂ ಕೂಡಿಸುವ ಹಾಗಿಲ್ಲ. ಆಮೇಲೆ ಎಮರ್ಜೆನ್ಸಿ ಬಂತು. ನಾನು ಸಂಜೆ ರೊಟ್ಟಿ ಬಡಿಯುತ್ತ ರೇಡಿಯೋದಲ್ಲಿ ವಾರ್ತೆ ಕೇಳುವುದನ್ನು ಕಲಿತದ್ದು ಆಗಲೇ. ಓಣಿಯ ಹೆಂಗಸರು ಹಾಡು ಬರುವ ಹೊತ್ತಿಗೆ ರೇಡಿಯೋ ಹಚ್ಚುತ್ತಿದ್ದರು, ನಾನು ವಾರ್ತೆಗೆ ಹಚ್ಚುತ್ತಿದ್ದೆ. ಮನೆಯ ಒಡತಿ, ಗೋಡೆಯಾಚೆ ಕಂಡಿಕೆಗೆ ನೂಲು ಸುತ್ತುತ್ತ ಕೂತವಳು, ಅಲ್ಲಿಂದಲೇ ಕೂಗುತ್ತಿದ್ದಳು.

"ಏನ್ರೀ ಮಿಸ್ತ್ರಿ ಬಾಯಿ, ಇವತ್ತ ಯಾರ ಯಾರ ಹೊಡದಾಡ್ಯಾರ? ಬಾಡಿಗಿ ಮನಿ ಬಿಡೂ ಹಂಗ ಕಾಣ್ತೈತೋ, ಇಲ್ಲಾ ಈ ವರ್ಷಾನೂ ನಮ್ಮ ಕೂಡ?"

"ನಿಮ್ಮನ್ನ ಬಿಟ್ಟ ಹೋಗಾಕ ಮನಸ್ಸ ಬರವಲ್ದ್ರಿ ಕಾಕು" ಎನ್ನುತ್ತಿದ್ದೆ. ಮಗ್ಗ ಟಕಟಕ ಎನ್ನುತ್ತಿತ್ತು.

ಇವರ ರೀತಿ ಬೇರೆ. ತಿಂಗಳಿಗೊಮ್ಮೆಯಾದರೂ ರಜೆಯ ದಿನ ಖಾನಾಪುರದ ಬಸ್ಸು ಹತ್ತಬೇಕು. ಪಾಯದಲ್ಲಿ ಬೆಳೆದ ಹುಲ್ಲು ಕೀಳಬೇಕು, ಪೂಜೆಯ ಕಲ್ಲನ್ನು ತೊಳೆಯಬೇಕು. ಯಾರೂ ಹೇಳಿದ ಕೆಲಸವಲ್ಲ, ಯಾರೂ ಸಂಬಳ ಕೊಡುವ ಕೆಲಸವಲ್ಲ. "ಭಾರ ನಮ್ಮ ಕೈಯಾಗ ಐತಿ ಅಂದಾರಲ್ಲ" ಎನ್ನುತ್ತಿದ್ದರು. "ಆ ಸಾಹೇಬಗ ಇಲ್ಲದ ಕಾಳಜಿ ನಿಮಗ್ಯಾಕ್ರೀ?" ಎಂದು ನಾನು ಬೈಯುತ್ತಿದ್ದೆ. ಬೈದುಕೊಂಡೇ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ ಬುತ್ತಿ ಕಟ್ಟಿ ಕೈಗೆ ಕೊಡುತ್ತಿದ್ದೆ. ಅಲ್ಲಿ ಒಬ್ಬ ಮರಾಠಿ ಕಾವಲುಗಾರ ಇದ್ದ. ಆತನೂ ಒಬ್ಬನೇ ಇದ್ದು ಬೇಸತ್ತವನು, ಇವರನ್ನು ಕಂಡರೆ ದೂರದಿಂದಲೇ "ಮಿಸ್ತ್ರಿ, ಔಂದಾ ತರೀ?" ಎನ್ನುತ್ತಿದ್ದನಂತೆ. ಈ ವರ್ಷವಾದರೂ ಆದೀತೇ ಎಂದು. ಇಬ್ಬರೂ ನನ್ನ ಬುತ್ತಿ ಬಿಚ್ಚಿ ಕಂಪನಿಯ ಪಾಯದ ದಂಡೆಯ ಮೇಲೆ ಕೂತು ಉಂಡು ಬರುತ್ತಿದ್ದರು. ಪರದೇಶದ ಬಂಡವಾಳದಿಂದ ಆ ಬಯಲಿನಲ್ಲಿ ಆದ ಉಪಯೋಗ ಅಷ್ಟೇ.

ಎಪ್ಪತ್ತೆಂಟರಲ್ಲಿ ನನಗೂ ನಂಬಿಕೆ ಬಂತು. ಅದನ್ನು ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ. ಕಂಪನಿ ತನ್ನ ಪಾಲು ಇಳಿಸಿಕೊಂಡು ಇಲ್ಲೇ ಉಳಿಯುವುದೆಂದು ತೀರ್ಮಾನವಾಗಿತ್ತು. ಎಣ್ಣೆಯ ಬೆಲೆಯೂ ಒಂದು ಹದಕ್ಕೆ ನಿಂತಿತ್ತು. ಹೊಸ ಸಾಹೇಬ ಬಂದು ನೋಡಿ ಹೋದ. ಮೊದಲಿನವನು ಯಾವುದೋ ದೇಶಕ್ಕೆ ವರ್ಗವಾಗಿ ಹೋಗಿದ್ದ, ಬನ್ನಿಯ ಎಲೆಯನ್ನೂ ಕಿಸೆಯಲ್ಲೇ ಒಯ್ದಿರಬೇಕು. ಖಾನಾಪುರಕ್ಕೆ ಕಬ್ಬಿಣದ ಸರಳು ಬಂತು, ಸಿಮೆಂಟು ಬಂತು. ಪಾಯದೊಳಗಿಂದ ಕಂಬಗಳಿಗೆಂದು ಸರಳುಗಳನ್ನು ಎಬ್ಬಿಸಿ ನಿಲ್ಲಿಸಿದರು. ಇವರು ಬಂದು, "ಆಳೆತ್ತರ ಆಗ್ಯಾವು!" ಎಂದು ಕೈ ಎತ್ತಿ ತೋರಿಸಿದರು. ಅತ್ತೆಯೂ ಮೆತ್ತಗಾದರು. ನಾನು ಯಳ್ಳೂರ ರಸ್ತೆಯ ಜಾಗಕ್ಕೆ ಹೋಗಿ ಅಡುಗೆಮನೆ ಇಲ್ಲಿ, ಒಲೆ ಇಲ್ಲಿ, ನೀರಿನ ಹಂಡೆ ಇಲ್ಲಿ ಎಂದು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಬಂದೆ.

ಅದರ ಬೆನ್ನಿಗೇ ಇರಾನಿನಲ್ಲಿ ದಂಗೆ ಹತ್ತಿತು. ರಸ್ತೆಯಲ್ಲಿ ಲಕ್ಷಾಂತರ ಮಂದಿ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರೆ ನನ್ನ ಕೈಯಲ್ಲಿನ ಹಿಟ್ಟು ಒಣಗುತ್ತಿತ್ತು. ಅಲ್ಲಿನ ಮಂದಿಗೆ ನ್ಯಾಯ ಸಿಗಲಿ, ಬೇಡವೆನ್ನಲು ನಾನು ಯಾರು? ಆದರೆ ಒಂದು ವರ್ಷ ತಡೆದಿದ್ದರೆ ಏನು ಹೋಗುತ್ತಿತ್ತು! ದೊರೆ ಓಡಿಹೋದ, ಎಣ್ಣೆ ಮತ್ತೆ ಏರಿತು. ಚಿಮಣಿ ಎಣ್ಣೆಗೆ ಡಬ್ಬಿ ಹಿಡಿದು ವಡಗಾವಿಯ ಓಣಿಯಲ್ಲಿ ಸರದಿ ನಿಂತಾಗ ಹಿಂದಿದ್ದ ಹೆಂಗಸು, "ಯಾರದೋ ದೇಶದ ಜಗಳಾ, ನಮಗ್ಯಾಕ ಈ ಶಿಕ್ಷಾ?" ಎಂದು ಗೊಣಗಿದಳು. ನಾನು ಹಿಂತಿರುಗಿ, "ನಿಮಗ ಬರೇ ಚಿಮಣಿ ಎಣ್ಣಿ ಹೋತು. ನಂದು ಮನೀನ ಹೋತು" ಎಂದೆ. ಆಕೆ ಸ್ವಲ್ಪ ದೂರ ಸರಿದು ನಿಂತಳು.

ಮುಖ್ಯ ಕಚೇರಿಯಿಂದ ಮತ್ತೆ ಅದೇ ಹೇಳಿಕೆ, ಸದ್ಯ ನಿಲ್ಲಿಸಿ. ಮ್ಯಾನೇಜರರು ಈ ಸಲ ನಮ್ಮ ಖೋಲಿಗೇ ಬಂದು ಹೇಳಿದರು. ಬಹಳ ಸಂಕೋಚ ಪಡುತ್ತಿದ್ದರು.

"ವೈನಿ, ನಮ್ಮ ಕೈಯಾಗ ಏನೂ ಇಲ್ಲರಿ. ಜಗತ್ತಿನ ಯಾವ ಮೂಲ್ಯಾಗ ಗದ್ದಲಾದ್ರೂ ಅವ್ರು ಮದಲ ಕಿಸೆ ಮುಚ್ಕೋತಾರ. ಹಳೇದು ನಡಸ್ತಾರ, ಹೊಸಾದಕ್ಕ ಹಾಕೂದಿಲ್ಲ. ಬಿತ್ತೂ ಹೊತ್ತಿನ್ಯಾಗ ಮ್ವಾಡ ನೋಡಿ ಬೀಜಾ ಚೀಲದಾಗನ ಇಟ್ಟಂಗ."

"ಅವ್ರು ಬೀಜಾ ಇಟ್ಕೋಲಿ ಬಿಡ್ರಿ. ನಮ್ಮ ಹೊಲಾ ಯಾಕ ಹಿಡ್ಕೊಂಡ ಕುಂತಾರ?" ಎಂದೆ. ಇವರು ನನ್ನನ್ನು ಕಣ್ಣಲ್ಲೇ ಗದರಿದರು. ಮ್ಯಾನೇಜರರಿಗೆ ಪಾಪ ನನ್ನ ಮಾತು ಅರ್ಥವಾಗಲಿಲ್ಲ. ಅತ್ತೆಯ ಹಟದ ಸುದ್ದಿಯನ್ನು ಇವರು ಕಾರ್ಖಾನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಗುತ್ತಾರೆ ಎಂಬ ನಾಚಿಕೆ. "ಮುಂದಿನ ವರ್ಷ ನಕ್ಕಿ" ಎಂದು ಅವರು ಎದ್ದರು.

ಸರಳುಗಳು ತುಕ್ಕು ಹಿಡಿದವು. ಮಳೆಗಾಲದಲ್ಲಿ ಅವುಗಳಿಂದ ಕೆಂಪು ನೀರು ಇಳಿದು ಪೂಜೆಯ ಕಲ್ಲಿನ ಮೇಲೆ ಬೀಳುತ್ತಿತ್ತಂತೆ. ಇವರು ಹೋದಾಗಲೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ಬರುತ್ತಿದ್ದರು. ನನ್ನ ಅಡುಗೆಯ ಹುಣಸೆಹಣ್ಣು!

ಮಗಳು ದೊಡ್ಡವಳಾಗುತ್ತಿದ್ದಳು. ಮುಂದೆ ಶಾಲೆಯಲ್ಲಿ ಅವಳಿಗೆ ಭೂಗೋಳದಲ್ಲಿ ಯಾವಾಗಲೂ ಒಳ್ಳೆಯ ಅಂಕ. ಬೇರೆ ಮಕ್ಕಳು ನಕಾಶೆಯಲ್ಲಿ ಇರಾನ್, ಇರಾಕ್ ಹುಡುಕುತ್ತಿದ್ದರೆ ಇವಳು ಕಣ್ಣು ಮುಚ್ಚಿ ಬೆರಳಿಡುತ್ತಿದ್ದಳು. ಮನೆಯಲ್ಲಿ ದಿನಾಲೂ ಆ ಹೆಸರುಗಳೇ ತಾನೆ. ಆ ಎರಡು ದೇಶಗಳೂ ತಮ್ಮ ತಮ್ಮಲ್ಲಿ ಬಡಿದಾಡಲು ಹತ್ತಿದಾಗ ನಾನು ಲೆಕ್ಕ ಇಡುವುದನ್ನೇ ಬಿಟ್ಟೆ. ನಿಂತ ಕೆಲಸ ಇನ್ನಷ್ಟು ನಿಲ್ಲುವುದು ಹೇಗೆ?

ಅದೂ ಆಗುತ್ತದೆ ಎಂದು ಎಂಬತ್ತೆರಡರಲ್ಲಿ ತಿಳಿಯಿತು. ಅವತ್ತು ಊಟಕ್ಕೆ ಕೂತಾಗ ಇವರು ಬಹಳ ಹೊತ್ತು ರೊಟ್ಟಿ ಮುರಿಯಲೇ ಇಲ್ಲ.

"ಖಾನಾಪುರದ ಕೆಲಸಾ ಕೈ ಬಿಟ್ಟಾರಂತ" ಎಂದರು.

"ಈಗ ಯಾವ ಲಡಾಯಿ?" ಎಂದೆ.

"ಲಡಾಯಿ ಅಲ್ಲ. ಮೆಕ್ಸಿಕೋ ಅಂತ ಐತಂತ. ಅದು ತಂದ ಸಾಲಾ ಕೊಡಾಕ ಆಗೂದಿಲ್ಲ ಅಂತ ಕೈ ಎತ್ತೇತಿ. ಅಲ್ಲಿ ಇವ್ರದೊಂದು ಕಾರ್ಖಾನಿ ಐತಿ, ಅದರಾಗ ರೊಕ್ಕಾ ಸಿಕ್ಕಿಬಿದ್ದೈತಿ. ಅವ್ರ ಸ್ವಂತ ದೇಶದಾಗೂ ಕಾರ್ಖಾನಿ ಮುಚ್ಚಾಕತ್ತಾವಂತ. ಹಿಂಗಾಗಿ ಹೊಸಾವ ಯಾವೂ ಬ್ಯಾಡ ಅಂದಾರ."

ಅತ್ತೆ ಮೂಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದವರು ಕೈ ನಿಲ್ಲಿಸಿದರು. "ಅದ್ಯಾವ ಊರೋ? ನಿಪ್ಪಾಣಿ ಆಚೀಕ ಏನ?"

ಮಗಳು ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಒಳಗೆ ಇಟ್ಟುಕೊಂಡದ್ದೆಲ್ಲ ಒಮ್ಮೆಲೇ ಹೊರಬಂತು.

"ನಿಪ್ಪಾಣಿ ಆಚೀಕ ಅಲ್ರೀ ಅತ್ತಿ, ಭೂಮಿಯ ಆ ಕಡೆ! ಆ ಕಡೆ ಯಾರೋ ಸಾಲಾ ಮಾಡ್ಯಾರ, ಅವ್ರು ತೀರಸಲಿಲ್ಲಂತ ನನಗ ಅಡಗಿಮನಿ ಇಲ್ಲ! ಅವ್ರಿಗೆ ನಾವ್ ಅದೀವಿ ಅಂತಾದ್ರೂ ಗೊತ್ತೈತೇನು? ಕಂಪನಿಯವ್ರು ಬ್ಯಾಡಂತ ಎದ್ದ ಹ್ವಾದ್ರು. ನಾವು ಮಾತ್ರ ನೀರ ಬಿಟ್ಟ ಕೈ ನೆಕ್ಕೋತ ಕುಂದ್ರೂಣು. ಇನ್ನ ಆ ಭಟ್ಟಿ ಎಂದೂ ಹೊತ್ತೂದಿಲ್ಲ. ನಮ್ಮ ಮನೀನೂ ಎಂದೂ ಏಳೂದಿಲ್ಲ. ಆತಲ್ಲ, ಎಲ್ಲಾರಿಗೂ ಸಮಾಧಾನ ಆತಲ್ಲ?"

ನಾನು ಅತ್ತೆಯ ಮುಂದೆ ಎಂದೂ ಹೀಗೆ ದನಿ ಎತ್ತಿದವಳಲ್ಲ. ಇವರು ತಾಟು ಸರಿಸಿ ಕೈ ತೊಳೆದುಕೊಂಡರು. ಅವರ ಮುಖ ನೋಡಿ ನನ್ನ ಸಿಟ್ಟು ಅಲ್ಲಿಗೇ ಅರ್ಧ ಆರಿತು. ನನಗೆ ಮನೆ ಹೋಗಿತ್ತು. ಇವರಿಗೆ ಮನೆಯ ಜೊತೆಗೆ, ಚಾವಿ ತಿರುಗಿಸಿದರೆ ಹೊತ್ತುವ ಆ ಭಟ್ಟಿಯೂ ಹೋಗಿತ್ತು.

ಮರುದಿನ ಅತ್ತೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಚಹ ಕುಡಿಯದೆ ಇವರ ಮುಂದೆ ಬಂದು ಕೂತರು.

"ಆ ಅಯ್ಯನೋರು ಅವತ್ತ ಏನಂದ್ರು? ಕಂಪನಿ ಭಟ್ಟಿ ಅಂದ್ರೋ, ಬರೇ ಭಟ್ಟಿ ಅಂದ್ರೋ?"

ಇವರು ನೆನಪಿಸಿಕೊಂಡರು. "ಈ ಮಣ್ಣಿನ ಮ್ಯಾಲೆ ಭಟ್ಟಿ ಹೊತ್ತಿ ಉರಿಯೂ ತನಕಾ ಅಂದ್ರು."

"ಎಣ್ಣೀಲೆ ಅಂದ್ರೇನು?"

"ಇಲ್ಲವಾ."

"ಹಂಗಾದ್ರ ಕಟಗಿ ಹಚ್ಚಿ ಉರಸ್ರಿ. ಆ ಜಾಗಾದಾಗ ಮಣ್ಣೈತಿ. ಖಾನಾಪುರದಾಗ ಇಟ್ಟಂಗಿ ಸುಡಾವ್ರು ಓಣಿಗೊಬ್ಬರ ಅದಾರ. ಮನಿಗೆ ಹೆಂಗೂ ಇಟ್ಟಂಗಿ ಬೇಕಲ್ಲ. ಅಲ್ಲೇ ಸುಡಸ್ರಿ. ಭಟ್ಟಿ ಉರೀತಂದ್ರ ಆತು, ನೀರಿನ ಋಣಾ ಹರೀತು."

ಇದನ್ನು ಎಪ್ಪತ್ನಾಲ್ಕರಲ್ಲಿ ಹೇಳಬಾರದಿತ್ತೇ? ಯುದ್ಧ, ಕಾಯ್ದೆ, ಇರಾನು, ಮೆಕ್ಸಿಕೋ ಎಲ್ಲ ಮುಗಿದ ಮೇಲೆ, ಮಗಳು ಶಾಲೆಗೆ ಹೋಗುವಷ್ಟಾದ ಮೇಲೆ, ಹೊಳೆಯಿತೇ? ಕೇಳಿಯೇ ಬಿಟ್ಟೆ.

"ಆವಾಗ ಕಂಪನಿಯವ್ರು ಕಟ್ತೀವಿ ಅಂತಿದ್ರಲ್ಲ" ಎಂದರು ಅತ್ತೆ, ನನಗೇ ಬುದ್ಧಿ ಕಡಿಮೆ ಎಂಬಂತೆ. "ಕಟ್ಟಾವ್ರು ಇರೂತನಕಾ ನಾವ್ ನಡುವ ಕೈ ಹಾಕೂದ ಹೆಂಗ?"

ಇವರು ಮ್ಯಾನೇಜರರಲ್ಲಿ ಹೋಗಿ ಕೊನೆಗೆ ಎಲ್ಲವನ್ನೂ ಹೇಳಿದರು. "ಹುಚ್ಚಪ್ಪಾ, ಇಷ್ಟ ವರ್ಷ ನಂಗ ಒಂದ ಮಾತ ಹೇಳಬಾರ್ದೇನೋ? ನನ್ನ ಹೇಣ್ತಿ ತವರಮನಿಗೆ ಹೋಗಿದ್ದಕ್ಕ ನಿಮಗ ಈ ಗತಿ" ಎಂದರಂತೆ ಆ ದೊಡ್ಡ ಮನುಷ್ಯರು. ಮಣ್ಣು ತೆಗೆದುಕೊಳ್ಳಲು, ಭಟ್ಟಿ ಹಚ್ಚಲು ಒಪ್ಪಿಗೆ ಕೊಟ್ಟರು. ಅದಕ್ಕೆ ಪರದೇಶದ ಕಚೇರಿಯನ್ನು ಕೇಳಲು ಹೋಗಲಿಲ್ಲ. ಕೇಳಿದ್ದರೆ ಮತ್ತೆ ಎಲ್ಲಿ ಏನು ಹತ್ತಿಕೊಳ್ಳುತ್ತಿತ್ತೋ.

ಆ ಚಳಿಗಾಲದಲ್ಲಿ ಖಾನಾಪುರದ ಒಬ್ಬ ಇಟ್ಟಿಗೆಯವನು ಕಂಪನಿಯ ಜಾಗದ ಮಣ್ಣು ಕಲಸಿ, ಅಚ್ಚು ಹಾಕಿ, ಒಣಗಿಸಿ, ತುಕ್ಕು ಹಿಡಿದ ಸರಳುಗಳ ಬಾಜುವಿಗೇ ಭಟ್ಟಿ ಒಟ್ಟಿದ. ಅಡಿಯಲ್ಲಿ ಕಟ್ಟಿಗೆ, ನಡುವೆ ಭತ್ತದ ಹೊಟ್ಟು, ಮೇಲೆ ಮಣ್ಣಿನ ಮೆತ್ತೆ. ಬೆಂಕಿ ಹಚ್ಚುವ ದಿನ ಎಲ್ಲರೂ ಹೋದೆವು. ಅತ್ತೆಯೂ ಬಂದರು. ಅವರು ಆ ಜಾಗ ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ತಮ್ಮ ಮಗನ ಜೀವ ಹಿಡಿದು ಕೂತಿದ್ದ ಪಾಯ ಇದೇ ಏನು ಎಂಬಂತೆ ಸೊಂಟದ ಮೇಲೆ ಕೈ ಇಟ್ಟು ನೋಡಿದರು. "ಇಷ್ಟ ಐತಿ?" ಎಂದರು.

ನಾನು, ಇವರು ಕೂಡಿಯೇ ಬೆಂಕಿ ಹಚ್ಚಿದೆವು. ಹೊಗೆ ಇವರ ಮುಖಕ್ಕೇ ಬಡಿಯಿತು, ಕಿವಿಯ ಹಿಂದೆ ಕಪ್ಪಾಯಿತು. ಕಾವಲುಗಾರ ಚಪ್ಪಾಳೆ ತಟ್ಟಿ, "ಮಿಸ್ತ್ರಿ, ಔಂದಾ ಝಾಲಂ!" ಎಂದು ಕೂಗಿದ. ಈ ವರ್ಷ ಆಯಿತು ಎಂದು. ಭಟ್ಟಿ ಪೂರ್ತಿ ಹೊತ್ತಿಕೊಂಡ ಮೇಲೆ ಅತ್ತೆ ಮಗನ ಕೈ ಹಿಡಿದು ಅಂಗೈಯನ್ನು ತಮ್ಮ ಸೆರಗಿನಿಂದ ಒರೆಸಿದರು. ನೀರು ಬಿಟ್ಟ ಕೈ ಅದು. ಒರೆಸಿ, "ಆತು. ನಡೀರಿ, ಬಸ್ಸು ತಪ್ಪತೈತಿ" ಎಂದರು.

ಆ ಇಟ್ಟಿಗೆಗಳಿಂದಲೇ ಈ ಮನೆ ಎದ್ದಿತು. ಅತ್ತೆ ಇಲ್ಲಿ ಎರಡು ಯುಗಾದಿ ಮಾಡಿ ಹೋದರು. ಮಗಳ ಮದುವೆಯ ಚಪ್ಪರ ಈ ಮನೆಯ ಮುಂದೆಯೇ ಹಾಕಿದೆವು. ಆಮೇಲೆ, ಹೋದ ಶ್ರಾವಣದಲ್ಲಿ, ಇವರು ಕೆಲಸದಿಂದ ಬಂದು ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಯಾವುದನ್ನೂ ಅರ್ಧಕ್ಕೆ ಬಿಟ್ಟು ಹೋಗಲಿಲ್ಲ. ಎಲ್ಲ ಮುಗಿಸಿಯೇ ಹೋದರು. ಆದರೂ ಹೋದರಲ್ಲ. ಅತ್ತೆಯ ಲೆಕ್ಕದಲ್ಲಿ ಇದಕ್ಕೆ ಏನು ಉತ್ತರವಿತ್ತೋ, ಕೇಳೋಣವೆಂದರೆ ಅವರೂ ಇಲ್ಲ.

ಹೋದ ವಾರ ಮ್ಯಾನೇಜರರು ಮಾತಾಡಿಸಲು ಬಂದಿದ್ದರು. ಈಗ ನಿವೃತ್ತರು, ಕೈಯಲ್ಲಿ ಬೆತ್ತ. ಇವರ ಫೋಟೋಕ್ಕೆ ಕೈ ಮುಗಿದರು. ಚಹ ಕೊಟ್ಟೆ. ಅಡುಗೆಮನೆಯ ಸಿಮೆಂಟಿನ ಗಿಲಾವು ಮಾಡದ ಗೋಡೆ ನೋಡಿ, "ಇವು ಖಾನಾಪುರದ್ದವ ಅಲ್ಲರಿ?" ಎಂದರು. "ಹೌದ್ರಿ. ನಿಮ್ಮ ಕಂಪನಿ ಜಾಗಾದಾಗ ಹುಟ್ಟಿದ್ದು ಇವಷ್ಟ" ಎಂದೆ. ಅವರು ತಲೆ ತಗ್ಗಿಸಿ ಬಸಿಯಲ್ಲಿ ಚಹ ಸುರುವಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ಅವರ ಮುಖ ಅರಳಿತು.

"ವೈನಿ, ಒಂದ ಸುದ್ದಿ ಐತ್ರಿ. ಆ ಜಾಗಾ ನೋಡಾಕ ಮತ್ತ ಹೊರಗಿನವ್ರು ಬಂದಿದ್ರಂತ. ಬ್ಯಾರೆ ದೇಶದವ್ರು, ಬ್ಯಾರೆ ಕಂಪನಿ. ಮಣ್ಣ ಭಾಳ ಮನಸ್ಸಿಗೆ ಬಂದೈತಂತ ಅವ್ರಿಗೆ. ಮುಂದಿನ ವರ್ಷ ನಕ್ಕಿ ಅಂತ ಅನ್ನಾಕತ್ತಾರ. ಮಿಸ್ತ್ರಿ ಇದ್ದಿದ್ರ…"

ನಾನು ಖಾಲಿ ಕಪ್ಪು ತೆಗೆದುಕೊಂಡು ಎದ್ದೆ.

"ಸಾಹೇಬ್ರ, ಈ ಸಲ ಬರೂಮುಂದ ಹೇಣ್ತೀನ್ನೂ ಕರ್ಕೊಂಡ ಬರ್ರಿ ಅಂತ ಅವ್ರಿಗೆ ಹೇಳ್ರಿ."

ನಗಬೇಕೋ ಬೇಡವೋ ತಿಳಿಯದೆ ಅವರು ಬೆತ್ತ ಹುಡುಕಿದರು. ಬಾಗಿಲವರೆಗೆ ಹೋಗಿ ಕಳಿಸಿ ಬಂದೆ.

ಇವರು ಇದ್ದಿದ್ದರೆ ಏನು ಮಾಡುತ್ತಿದ್ದರೆಂದು ನನಗೆ ಗೊತ್ತು. ಇಷ್ಟೆಲ್ಲ ಆದ ಮೇಲೂ, ಮುಂದಿನ ರಜೆಗೇ ಖಾನಾಪುರದ ಬಸ್ಸು ಹತ್ತುತ್ತಿದ್ದರು. ಹೊಸ ಸಾಹೇಬರು ಬರುವ ಮೊದಲು ಹುಲ್ಲು ಕೀಳಬೇಕು ಎನ್ನುತ್ತಿದ್ದರು. ನಾನು ಬೈಯುತ್ತಿದ್ದೆ. ಬೈದುಕೊಂಡೇ ಬುತ್ತಿ ಕಟ್ಟುತ್ತಿದ್ದೆ.